ಬರ್ತೋಯಾ ಮಾದರಿಯ ನಾದಶಿಲ್ಪ: 36 ಸಲಾಕೆ, 3 ಎಂಎಂ, ಬುಡದಲ್ಲೇ ಬಾಗ್ತಿವೆ, ಸದ್ದೂ ನಿಲ್ತಿಲ್ಲ

#1 · ಸಲಾಕೆಸಾಲು

ಅಮೆರಿಕದ ಶಿಲ್ಪಿ ಹ್ಯಾರಿ ಬರ್ತೋಯಾನ ನಾದಶಿಲ್ಪಗಳ (ಒಂದಕ್ಕೊಂದು ತಾಗಿ ಸದ್ದು ಮಾಡುವ ಲೋಹದ ಸಲಾಕೆಗಳ ಸಾಲು) ಜಾಡಿನ ಒಂದು ಕೆಲಸ ಅರ್ಧಕ್ಕೆ ನಿಂತಿದೆ. ಅಳತೆ ಇಷ್ಟು: ಅಡಿಗೆ 200×200×12 ಎಂಎಂ ಹಿತ್ತಾಳೆ ಹಲಗೆ, 25 ಎಂಎಂ ಅಂತರದಲ್ಲಿ 6×6 ತೂತು. ಸಲಾಕೆ 3 ಎಂಎಂ ಫಾಸ್ಫರ್ ಬ್ರಾಂಜ್ (ತವರ ಬೆರೆತ ತಾಮ್ರ), ಹಲಗೆಯಿಂದ ಮೇಲಕ್ಕೆ 600 ಎಂಎಂ. ತುದಿಗೆ 12 ಎಂಎಂ ದಪ್ಪ, 25 ಎಂಎಂ ಉದ್ದದ ಹಿತ್ತಾಳೆ ತಲೆ. ಬುಡಕ್ಕೆ 45% ಬೆಳ್ಳಿಯ ಬ್ರೇಜಿಂಗ್ (ಹೆಚ್ಚು ಕಾವಿನ ಬೆಸುಗೆ), ಆಕ್ಸಿಜನ್-ಎಲ್‌ಪಿಜಿ ಟಾರ್ಚ್.

ತೊಂದರೆ ಎರಡು. ಕೈಯಾಡಿಸಿದ ಮೇಲೆ ಹತ್ತು ಹನ್ನೆರಡು ಸಲಾಕೆ ನೆಟ್ಟಗೆ ವಾಪಸ್ ಬರಲ್ಲ, ಬುಡದಲ್ಲೇ ಬಾಗಿ ನಿಲ್ಲುತ್ತವೆ. ಇನ್ನೊಂದು, ತಲೆಗೆ ತಲೆ ತಾಗಿ ಹುಟ್ಟಿದ ಸದ್ದು ಎರಡೇ ಸೆಕೆಂಡಿಗೆ ಮಣ್ಣುಪಾಲು. ಸಲಾಕೆ ಬದಲಿಸಿ ಬೆರಿಲಿಯಂ ತಾಮ್ರ ಹಾಕಿದರೆ ಎರಡೂ ಸರಿಹೋಗುತ್ತಾ?

#2 · ಬೆಸುಗೆಭಟ್ಟಿ

ಲೋಹ ಬದಲಿಸೋಕೆ ಮೊದಲು ಬುಡ ನೋಡಿ. ಹಲಗೆಯಿಂದ ಮೇಲೆ ಸಲಾಕೆಯ ಬಣ್ಣ ಎಷ್ಟು ದೂರ ಕೆಟ್ಟಿದೆ? 20–25 ಎಂಎಂ ಕಂದು ತಿರುಗಿದ್ದರೆ ಅಷ್ಟುದ್ದ ಹದ ಹೋಗಿದೆ ಅಂತಲೇ ಲೆಕ್ಕ. ಸಣ್ಣ ಅರ ತಗೊಂಡು ಬುಡದಲ್ಲಿ ಒಂದೆಳೆ, ನಡುವಲ್ಲಿ ಒಂದೆಳೆ ಉಜ್ಜಿ. ಬುಡದಲ್ಲಿ ಅರ ಸಲೀಸಾಗಿ ಕಚ್ಚುತ್ತೆ, ನಡುವಲ್ಲಿ ಜಾರುತ್ತೆ.

ಕಾರಣ ಸರಳ. ಫಾಸ್ಫರ್ ಬ್ರಾಂಜ್‌ಗೆ ಬಿಗಿ ಬಂದಿರೋದು ತಣ್ಣಗೆ ಎಳೆದದ್ದರಿಂದ. ಬೆಳ್ಳಿ ಬ್ರೇಜಿಂಗ್‌ಗೆ 650 ಡಿಗ್ರಿ ದಾಟಬೇಕು, ಅಷ್ಟು ಕಾದರೆ ಎಳೆದ ಬಿಗಿಯೆಲ್ಲ ಕರಗಿ ಲೋಹ ಮೆತ್ತಗಾಗುತ್ತೆ. ಅದರ ಮೇಲೆ ನಿಮ್ಮ ಹಲಗೆ ನಾಲ್ಕು ಕೆಜಿ ಹಿತ್ತಾಳೆ, ಶಾಖ ಹೀರುವ ಬಾವಿ. ಹಲಗೆ ಕಾಯಲಿ ಅಂತ ಟಾರ್ಚ್ ಹಿಡಿದಷ್ಟೂ ಹೊತ್ತು ಸಲಾಕೆಯ ಬುಡ ಬೇಯ್ತಾ ಇರುತ್ತೆ. ಮೊದಲ ಸಾಲಿಗಿಂತ ನಡುವಿನ ಸಲಾಕೆಗಳೇ ಜಾಸ್ತಿ ಬಾಗಿದ್ದರೆ ಇದೇ ಗುಟ್ಟು, ಅವಕ್ಕೆ ಪಕ್ಕದವುಗಳ ಕಾವೂ ಸೇರಿದೆ.

ಲೆಕ್ಕ ಬೇಕಾದರೆ: ತುದಿಯನ್ನು δ ಎಳೆದಾಗ ಬುಡದಲ್ಲಿ ಬೀಳುವ ಒತ್ತಡ 3Edδ ÷ 2L² (E ಲೋಹದ ಬಿಗಿತ, d ದಪ್ಪ, L ಉದ್ದ). ನಿಮ್ಮ ಅಳತೆಗೆ ತುದಿ 100 ಎಂಎಂ ಎಳೆದರೆ ಸುಮಾರು 138 ಮೆಗಾಪಾಸ್ಕಲ್. ಮೆತ್ತಗಾದ ಫಾಸ್ಫರ್ ಬ್ರಾಂಜ್ ಶಾಶ್ವತವಾಗಿ ಬಾಗೋಕೆ ಶುರುವಾಗೋದು ಹೆಚ್ಚುಕಮ್ಮಿ ಅಲ್ಲೇ. ಅದೇ ಸಲಾಕೆ ಬಿಗಿ ಎಳೆದ ಹದದಲ್ಲಿ ಇದ್ದರೆ 500 ದಾಟಿದರೂ ತಡೆಯುತ್ತೆ, ಅಂದರೆ ತುದಿಯನ್ನು ಗೇಣುದ್ದ ಎಳೆದರೂ ವಾಪಸ್ ಬರುತ್ತೆ.

ಇನ್ನೊಂದು ಮಾತು, ಇದು ಪ್ರಾಣದ ಪ್ರಶ್ನೆ. 45% ಬೆಳ್ಳಿ ಅಂದಿರಲ್ಲ, ಪೊಟ್ಟಣದ ಮೇಲೆ ಕರಗುವ ಶಾಖ ಎಷ್ಟಿದೆ ನೋಡಿ. 640ರಿಂದ 680 ಇದ್ದರೆ ತವರ ಸೇರಿದ ಸರಕು. 607ರಿಂದ 618 ಅಂತಿದ್ದರೆ ಅದು ಕ್ಯಾಡ್ಮಿಯಂ ಬೆರೆಸಿದ್ದು, ಅದರ ಹೊಗೆ ಮುಚ್ಚಿದ ಶೆಡ್‌ನಲ್ಲಿ ಆಳನ್ನೇ ತೆಗೆಯುತ್ತೆ. ಹರಿಯೋಕೆ ಚೆನ್ನ ಅಂತ ಅಂಗಡಿಯವರು ಕೊಡ್ತಾರೆ. ಬೇಡ ಅನ್ನಿ.

#3 · ಮೂರನೇ_ಮೋಡ್

ಸದ್ದಿನ ಕಡೆಗೆ ಬರೋಣ. ಒಂದು ಕಡೆ ಬಿಗಿದ ದುಂಡು ಸಲಾಕೆಯ ಮೊದಲ ಕಂಪನ:

f = 0.14 × d × c ÷ L²

d ದಪ್ಪ, L ಉದ್ದ, ಎರಡೂ ಮೀಟರಲ್ಲಿ. c ಅಂದರೆ ಆ ಲೋಹದಲ್ಲಿ ಸದ್ದಿನ ವೇಗ. ಉಕ್ಕಿಗೆ ಸುಮಾರು 5050, ಬೆರಿಲಿಯಂ ತಾಮ್ರಕ್ಕೆ 3940, ಫಾಸ್ಫರ್ ಬ್ರಾಂಜ್‌ಗೆ 3520, ಹಿತ್ತಾಳೆಗೆ 3440. ನಿಮ್ಮ ಸಲಾಕೆ ತಲೆ ಇಲ್ಲದೆ 4.1 ಹರ್ಟ್ಜ್. ಅದು ಕಣ್ಣಿಗೆ ಕಾಣುವ ತೂಗಾಟ, ಕಿವಿಗೆ ಕೇಳಲ್ಲ.

ಕೇಳೋದು ಮೇಲಿನ ಮೋಡ್‌ಗಳು, ಅಂದರೆ ಅದೇ ಸಲಾಕೆ ಕಂಪಿಸುವ ಬೇರೆ ಬೇರೆ ಬಗೆಗಳು. ಇವು ತಂತಿವಾದ್ಯದ ಹಾಗೆ 2, 3, 4 ಪಟ್ಟು ಅಲ್ಲ, 6.27, 17.5, 34.4, 56.8 ಪಟ್ಟು. ಹಾಗಾಗಿ ನಿಮ್ಮದು 26, 72, 141, 234, 349… ಹೀಗೆ ಹತ್ತುತ್ತೆ. ಒಂದಕ್ಕೊಂದು ಶ್ರುತಿ ಸೇರದ ಈ ಸಾಲೇ ಬರ್ತೋಯಾನ ಕೃತಿಗಳ ಆ ಗುಂಗಿಗೆ ಮೂಲ. ಒಂದೊಂದು ಸಲಾಕೆಯೂ ಕೂದಲೆಳೆಯಷ್ಟು ಬೇರೆ ಉದ್ದ, ಬೇರೆ ಬಿಗಿ. 36ರದ್ದೂ ಸೇರಿದಾಗ ಸ್ವರ ಅನ್ನಿಸಲ್ಲ, ದೇವಸ್ಥಾನದ ಗಂಟೆ ನಿಂತ ಮೇಲೂ ಗರ್ಭಗುಡಿಯೊಳಗೆ ಸುತ್ತುತ್ತಲ್ಲ, ಆ ತರಹ.

ಈಗ ಬುಡಕ್ಕೆ ಬನ್ನಿ. ಮೇಲಿನ ಮೋಡ್‌ಗಳ ಶಕ್ತಿ ಪ್ರತಿ ಸುತ್ತಿಗೂ ಬುಡಕ್ಕೆ ಬಂದು ತಿರುಗಿ ಹೋಗಬೇಕು. ಅಲ್ಲಿ ಬೆಸುಗೆಯಲ್ಲಿ ಪೊಳ್ಳಿದ್ದರೆ, ಫ್ಲಕ್ಸ್ (ಬೆಸುಗೆ ಹಿಡಿಯಲಿ ಅಂತ ಹಚ್ಚುವ ರಸಾಯನ) ಸಿಕ್ಕಿಕೊಂಡಿದ್ದರೆ, ಸಲಾಕೆ ತೂತಿನ ಗೋಡೆಗೆ ಉಜ್ಜುತ್ತಿದ್ದರೆ ಬಂದಷ್ಟು ಶಕ್ತಿ ಅಲ್ಲೇ ಬಿಸಿಯಾಗಿ ಹೋಗುತ್ತೆ. ಎರಡು ಸೆಕೆಂಡಿಗೆ ಸಾಯ್ತಿದೆ ಅಂದರೆ ಸಲಾಕೆಯ ಲೋಹದ ಮೇಲೆ ಅನುಮಾನ ಪಡೋದು ಆಮೇಲೆ, ಮೊದಲು ಬುಡ. ನಾನು ಪಂಥ ಕಟ್ಟೋಕೆ ರೆಡಿ.

#4 · ಲೇತ್_ಹುಬ್ಬಳ್ಳಿ

ತೂತು ಹೆಂಗ ಹಾಕೀರಿ ಅನ್ನೋದ ಬರದಿಲ್ಲಲ್ರಿ. ಡ್ರಿಲ್ ಪ್ರೆಸ್‌ನ್ಯಾಗ 3.2 ಬಿಟ್ ಹಾಕಿ ಸೀದಾ ಇಳಿಸಿದ್ರ 12 ಎಂಎಂ ದಪ್ಪದಾಗ ಬಿಟ್ ಸರೀತದ. ಅರ್ಧ ಡಿಗ್ರಿ ವಾರೆ ಆತಂದ್ರ 600 ಎಂಎಂ ಮ್ಯಾಲೆ ತುದಿಗೆ 5 ಎಂಎಂ ಹೋತು. ನಿಮ್ಮ ತಲಿ ತಲಿ ನಡುವ ಇರೋ ಜಾಗ 13 ಎಂಎಂ ಅಷ್ಟ. ಎರಡು ಎದುರಾಬದುರಾ ವಾಲಿದ್ರ ಉಳಿಯೂದು ಮೂರು.

ಮಿಲ್ಲಿಂಗ್ ಮಷೀನ್ ಮ್ಯಾಲೆ ಹಲಗಿ ಕಟ್ರಿ. ಮೊದಲ ಸೆಂಟರ್ ಡ್ರಿಲ್, ಆಮ್ಯಾಲೆ 2.9, ಕಡೀಕ 3.1 ರೀಮರ್. ಬೆಸುಗಿ ಹರಿಯಾಕ ಪಕ್ಕಕ್ಕ 0.05 ಎಂಎಂ ಸಂದಿ ಸಾಕು. ಸಂದಿ ಜಾಸ್ತಿ ಆದ್ರ ಬೆಸುಗಿ ಕ್ಯಾಪಿಲರಿಯಾಗಿ ಏರೂದಿಲ್ಲ, ಮ್ಯಾಲೆ ಉಂಗುರ ಕಟ್ಟಿ ನಿಲ್ತದ, ಒಳಗ ಖಾಲಿ. ನೋಡಾಕ ಚಂದ, ಸದ್ದು ಸತ್ತದ್ದು.

#5 · ತಾಮ್ರಪಟ್ಟಿ

ಬರ್ತೋಯಾ ಬೆರಿಲಿಯಂ ತಾಮ್ರವನ್ನೇ ಹೆಚ್ಚು ಇಷ್ಟಪಟ್ಟದ್ದಕ್ಕೆ ಕಾರಣ ಇದೆ. ತಾಮ್ರದ ಬಣ್ಣದ ಲೋಹದಲ್ಲಿ ಸ್ಪ್ರಿಂಗ್ ಉಕ್ಕಿನ ಬಿಗಿ. ಹದಗೊಳಿಸಿದ ಸಿ17200ಗೆ (ಬೆರಿಲಿಯಂ ತಾಮ್ರದ ಒಂದು ದರ್ಜೆ) 1000 ಮೆಗಾಪಾಸ್ಕಲ್ ದಾಟುವ ತಾಳಿಕೆ. 1975ರಲ್ಲಿ ಶಿಕಾಗೊದ ಸ್ಟ್ಯಾಂಡರ್ಡ್ ಆಯಿಲ್ ಕಟ್ಟಡದ ಅಂಗಳದ ಕೊಳದಲ್ಲಿ ನಿಲ್ಲಿಸಿದ್ದೂ ಬೆರಿಲಿಯಂ ತಾಮ್ರದ ಸಲಾಕೆ, ನೇವಲ್ ಹಿತ್ತಾಳೆಯ ಹಲಗೆ. ಬಜೆಟ್ ಇದ್ದರೆ ಅದನ್ನೇ ಹಾಕಿ. ಗಟ್ಟಿ ರೂಪದಲ್ಲಿ ಅದು ವಿಷವೂ ಅಲ್ಲ, ಸುಮ್ಮನೆ ಭಯ ಬೀಳಿಸ್ತಾರೆ.

#6 · ಬೆಸುಗೆಭಟ್ಟಿ

@ತಾಮ್ರಪಟ್ಟಿ, ಗಟ್ಟಿ ರೂಪದಲ್ಲಿ ಮುಟ್ಟಿದರೆ ಏನೂ ಆಗಲ್ಲ, ನಿಜ. ಆದರೆ ಶಿಲ್ಪ ಮಾಡೋನು ಮುಟ್ಟಿ ಸುಮ್ಮನಿರಲ್ಲ. ಕತ್ತರಿಸ್ತಾನೆ, ತುದಿ ಗ್ರೈಂಡ್ ಮಾಡ್ತಾನೆ, ಮರಳು ಕಾಗದ ಹಾಕ್ತಾನೆ, ಬೆಸೆಯುತ್ತಾನೆ. ಸಿ17200ನಲ್ಲಿ 1.8ರಿಂದ 2% ಬೆರಿಲಿಯಂ. ಆ ಧೂಳು ಹೊಗೆ ಶ್ವಾಸಕೋಶಕ್ಕೆ ಹೋದರೆ ಕೆಲವರಿಗೆ ವರ್ಷಗಳ ಮೇಲೆ ವಾಸಿಯಾಗದ ಕಾಯಿಲೆ. ಅಮೆರಿಕದವರು 2017ರಲ್ಲಿ ಕೆಲಸದ ಜಾಗದ ಮಿತಿಯನ್ನು ಘನ ಮೀಟರ್ ಗಾಳಿಗೆ 2 ಮೈಕ್ರೋಗ್ರಾಂನಿಂದ 0.2ಕ್ಕೆ ಇಳಿಸಿದರು. ಅಷ್ಟು ಕಡಿಮೆ ಅಳೆಯೋ ಸಲಕರಣೆ ನಮ್ಮ ಶೆಡ್‌ಗಳಲ್ಲಿ ಎಲ್ಲಿದೆ?

ಮತ್ತೆ, ಹದದ ವಿಷಯದಲ್ಲೂ ಅದು ಈ ಸಮಸ್ಯೆಗೆ ಮದ್ದಲ್ಲ. ಬೆರಿಲಿಯಂ ತಾಮ್ರ ಗಟ್ಟಿಯಾಗೋದು 315 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಇಟ್ಟಾಗ. ಹಾಗೆ ಹದಗೊಂಡ ಸಲಾಕೆಯನ್ನು 650ರಲ್ಲಿ ಬ್ರೇಜ್ ಮಾಡಿದರೆ ಬುಡದ ಹದ ಹಾಳು. ಮತ್ತೆ ತರಬೇಕಾದರೆ 790ರ ಆಸುಪಾಸು ಕಾಯಿಸಿ ನೀರಿಗೆ ಹಾಕಿ ಪುನಃ 315ಕ್ಕೆ ಇಡಬೇಕು. ಆ 790ರಲ್ಲಿ ನಿಮ್ಮ ಬೆಳ್ಳಿ ಬೆಸುಗೆ ಹರಿದು ಹೋಗಿರುತ್ತೆ. ಅಂದರೆ ದುಬಾರಿ ಲೋಹದಲ್ಲಿ ಅದೇ ತಪ್ಪು.

#7 · ಸಲಾಕೆಸಾಲು

ಅರ ಹಾಕಿ ನೋಡಿದೆ, ಬುಡ ಮೆತ್ತಗಿದೆ, ಕಂದು ಬಣ್ಣ 30 ಎಂಎಂ ತನಕ. ಪೊಟ್ಟಣದ ಮೇಲೆ 640–680. ಬ್ರೇಜಿಂಗ್ ಬಿಟ್ಟು ಬೇರೆ ದಾರಿ? ಗ್ರಬ್ ಸ್ಕ್ರೂ (ಪಕ್ಕದಿಂದ ಒತ್ತಿ ಹಿಡಿಯುವ ತಲೆಯಿಲ್ಲದ ಸ್ಕ್ರೂ)?

#8 · ಮೂರನೇ_ಮೋಡ್

ಗ್ರಬ್ ಸ್ಕ್ರೂ ಮಾತ್ರ ಬೇಡ. ಒಂದೇ ಬಿಂದುವಿನಲ್ಲಿ ಒತ್ತುತ್ತೆ, ಉಳಿದ ಸುತ್ತಳತೆ ಸಡಿಲ. ಸಲಾಕೆ ಪ್ರತಿ ಕಂಪನಕ್ಕೂ ತೂತಿನೊಳಗೆ ತಟ್ಟುತ್ತೆ, ಟರ್ರ್ ಅನ್ನೋ ಒಡಕು ದನಿ. ಜೊತೆಗೆ ಒತ್ತಿದ ಗುರುತಿನಲ್ಲೇ ಒಂದು ದಿನ ಮುರಿಯುತ್ತೆ.

#9 · ಲೇತ್_ಹುಬ್ಬಳ್ಳಿ

ಬುಶ್ ಮಾಡ್ರಿ, ಅಂದ್ರ ಸಲಾಕಿ ಕೂಡೋ ತೂತಿನ ಗಿಡ್ಡ ಲೋಹದ ತುಂಡು. ಒಂದೊಂದು ಸಲಾಕಿಗೂ ಒಂದೊಂದು. ಅಳತಿ ಬರಕೋರಿ.

12 ಎಂಎಂ ಹಿತ್ತಾಳಿ ರಾಡ್ ತಗೊಂಡು ಮ್ಯಾಲಿನ 10 ಎಂಎಂ ಹಂಗ ಬಿಡ್ರಿ, ಅದು ಶೋಲ್ಡರ್. ಕೆಳಗಿನ 14 ಎಂಎಂ ಇಳಿಸಿ ಎಂ8 (8 ಎಂಎಂ ಸ್ಕ್ರೂ) ಎಳಿ ಕಡೀರಿ. ಎಳಿ ಮತ್ತ ಶೋಲ್ಡರ್ ಕೂಡೋ ಮೂಲ್ಯಾಗ ಸಣ್ಣ ಗ್ರೂವ್ ಹೊಡೀರಿ, ಇಲ್ಲಂದ್ರ ಶೋಲ್ಡರ್ ಹಲಗಿಗೆ ಪೂರ್ತಿ ಕೂಡೂದಿಲ್ಲ. ಮ್ಯಾಲಿಂದ 3.1 ತೂತು 20 ಎಂಎಂ ಆಳ, ತಳಕ್ಕ 1 ಎಂಎಂ ಗಾಳಿ ತೂತು. ಗಾಳಿ ತೂತು ಮರತ್ರ ಫ್ಲಕ್ಸ್ ಕುದ್ದು ಸಲಾಕಿನ ಮ್ಯಾಲ ನೂಕತದ. ಇವೆಲ್ಲಾ ಒಂದ ಚಕ್ಕಿನ್ಯಾಗ, ತೆಗೀದಂಗ ಮಾಡ್ರಿ. ತೂತು, ಶೋಲ್ಡರ್ ಮುಖ ಎರಡೂ ಕಾಟಕೋನಕ್ಕ (90 ಡಿಗ್ರಿಗೆ) ಬರೋದು ಹಂಗ ಮಾಡಿದ್ರಷ್ಟ.

ಹಲಗಿಗೆ 36 ಎಂ8 ಟ್ಯಾಪ್. ಪ್ರತಿ ತೂತಿನ ಬಾಯಿ ಕೌಂಟರ್‌ಸಿಂಕ್ ಸ್ವಲ್ಪ, ಸುತ್ತಲ ಮುಖ ಸಪಾಟ. 8 ನ್ಯೂಟನ್-ಮೀಟರ್ ಬಿಗಿ ಸಾಕು. ಪೈಲ್ವಾನಗಿರಿ ಮಾಡಿ 15ಕ್ಕ ಹೋದ್ರ ಹಿತ್ತಾಳಿ ಎಳಿ ಹಿಗ್ಗತದ. ಬಿಗಿಯಾಕ ಶೋಲ್ಡರಿಗೆ 10 ಎಂಎಂ ಸ್ಪ್ಯಾನರ್ ಹಿಡಿಯೋ ಹಂಗ ಎರಡು ಚಪ್ಪಟಿ ಮುಖ.

ಲಾಭ ಏನಂದ್ರ, ಒಂದು ಸಲಾಕಿ ಕೆಟ್ರ ಒಂದ ಬಿಚ್ಚಬಹುದು. ಹಲಗಿ ಕಾಯಿಸೂದ ಬ್ಯಾಡ.

#10 · ಬೆಸುಗೆಭಟ್ಟಿ

ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ. ಬೆಸುಗೆಗೆ ತವರ-ಬೆಳ್ಳಿ, 96.5% ತವರ 3.5% ಬೆಳ್ಳಿ, 221 ಡಿಗ್ರಿ. ಆ ಶಾಖಕ್ಕೆ ಬಿಗಿ ಎಳೆದ ಬ್ರಾಂಜ್‌ನ ಹದ ಅಲ್ಲಾಡಲ್ಲ. ಸೀಸ ಬೆರೆತ ಹಳೇ ಎಲೆಕ್ಟ್ರಾನಿಕ್ಸ್ ಬೆಸುಗೆ ಬೇಡ, ಅದು ಇನ್ನೂ ಮೆತ್ತಗೆ, ಭಾರಕ್ಕೆ ಮೆಲ್ಲಗೆ ಜರುಗುತ್ತೆ.

ವಿಧಾನ: ಸಲಾಕೆಯ ಕೊನೆಯ 20 ಎಂಎಂ ಮರಳು ಕಾಗದದಲ್ಲಿ ಉದ್ದುದ್ದಕ್ಕೆ ಉಜ್ಜಿ. ಸುತ್ತ ಉಜ್ಜಬೇಡಿ, ಆ ಗೀರುಗಳಿಂದಲೇ ಆಮೇಲೆ ಬಿರುಕು ಹುಟ್ಟುತ್ತೆ. ಅಸಿಟೋನ್‌ನಲ್ಲಿ ಒರೆಸಿ. ಜಿಂಕ್ ಕ್ಲೋರೈಡ್ ಫ್ಲಕ್ಸ್ ಹಚ್ಚಿ, ಮೊದಲು ಸಲಾಕೆಗೆ ತೆಳ್ಳಗೆ ಕಲಾಯಿ ಮಾಡಿ, ಬಟ್ಟೆಯಲ್ಲಿ ಒರೆಸಿ. ಬುಶ್ ಒಳಗೂ ಹಾಗೇ. ಆಮೇಲೆ ಬುಶ್ ಅನ್ನು ಮಾತ್ರ ಕೆಳಗಿನಿಂದ ಕಾಯಿಸಿ, ಸಲಾಕೆ ತಿರುಗಿಸುತ್ತಾ ಇಳಿಸಿ. ಗಾಳಿ ತೂತಿನಿಂದ ಒಂದು ಹನಿ ಬೆಸುಗೆ ಇಣುಕಿದರೆ ಒಳಗೆ ತುಂಬಿದೆ ಅಂತ. ಹೊರಗೆ ಉಬ್ಬಿದ ಬೆಸುಗೆ ಬಿಸಿಯಲ್ಲೇ ಒರೆಸಿಬಿಡಿ. ಕೊನೆಗೆ ಬಿಸಿನೀರು, ಸೋಡಾ ಪುಡಿ. ಜಿಂಕ್ ಕ್ಲೋರೈಡ್ ಉಳಿದರೆ ತಿಂಗಳೊಳಗೆ ಹಸಿರು ಕಿಲುಬು.

ಬೆಳ್ಳಿ ಬ್ರೇಜಿಂಗೇ ಬೇಕು ಅಂತ ಹಟ ಇದ್ದರೆ ಇನ್ನೊಂದು ಉಪಾಯ: 4.5 ಎಂಎಂ ಸಲಾಕೆ ತಂದು ಬುಡದ 35 ಎಂಎಂ ಬಿಟ್ಟು ಉಳಿದದ್ದನ್ನು 3ಕ್ಕೆ ಇಳಿಸಿ, ನಡುವೆ ನುಣುಪು ಇಳಿಜಾರು. ಬುಡ ಮೆತ್ತಗಾದರೂ ಅಲ್ಲಿ ಒತ್ತಡ ದಪ್ಪದ ಘನದಷ್ಟು ಇಳಿಯುತ್ತೆ, ಒಂದೂವರೆ ಪಟ್ಟು ದಪ್ಪಕ್ಕೆ ಹೆಚ್ಚುಕಮ್ಮಿ ಮೂರೂವರೆ ಪಟ್ಟು ಕಡಿಮೆ. 138 ಇದ್ದದ್ದು 41. ಆದರೆ ಅರ್ಧ ಮೀಟರ್‌ಗಿಂತ ಉದ್ದದ ಸಲಾಕೆ ಲೇತ್‌ನಲ್ಲಿ 3 ಎಂಎಂಗೆ ಇಳಿಸೋದು ಅಂದರೆ ಅದು ಹಾವಿನ ಹಾಗೆ ಕುಣಿಯುತ್ತೆ, ಸೆಂಟರ್‌ಲೆಸ್ ಗ್ರೈಂಡಿಂಗ್‌ಗೆ ಕೊಡಬೇಕಾಗುತ್ತೆ. 36 ಸಲಾಕೆಗೆ ಯಾರಿಗೆ ಬೇಕು.

#11 · ಗುಂಗು

ತಲೆಯ ತೂಕದ ಬಗ್ಗೆ ಯಾರೂ ಮಾತಾಡಿಲ್ಲ. 12×25 ಹಿತ್ತಾಳೆ ಅಂದರೆ 24 ಗ್ರಾಂ, ಸಲಾಕೆ 38 ಗ್ರಾಂ. ಸಲಾಕೆಯ ತೂಕದಲ್ಲಿ ಕಾಲು ಭಾಗ ಮಾತ್ರ ತುದಿಯಲ್ಲಿ ಲೆಕ್ಕಕ್ಕೆ ಬರುತ್ತೆ, ಅಂದರೆ 9 ಗ್ರಾಂ. ತಲೆ ಸೇರಿದ ಮೇಲೆ ತೂಗಾಟ 4.1ರಿಂದ 2.2 ಹರ್ಟ್ಜ್‌ಗೆ ಇಳಿಯುತ್ತೆ. ಬತ್ತದ ಗದ್ದೆಯಲ್ಲಿ ತೆನೆ ಬಂದ ಮೇಲಿನ ಓಲಾಟಕ್ಕೂ ಮೊದಲಿನದಕ್ಕೂ ಇರುವ ವ್ಯತ್ಯಾಸ ಇದೇ.

ಎಚ್ಚರಿಕೆ ಇಲ್ಲಿದೆ. ಮುಂದಿನ ಕೃತಿಗೆ ಸಲಾಕೆ ತೆಳ್ಳಗೆ ಮಾಡೋ ಆಸೆ ಎಲ್ಲರಿಗೂ ಬರುತ್ತೆ. 600 ಎಂಎಂ ಉದ್ದಕ್ಕೆ 3 ಎಂಎಂ ಸಲಾಕೆ ತುದಿಯಲ್ಲಿ 300 ಗ್ರಾಂ ಹೊತ್ತು ನಿಲ್ಲಬಲ್ಲದು. 2 ಎಂಎಂ ಆದರೆ 60 ಗ್ರಾಂ, 1.5 ಆದರೆ 19 ಮಾತ್ರ. ದಪ್ಪದ ನಾಲ್ಕನೇ ಘಾತದಲ್ಲಿ ಕುಸಿಯುತ್ತೆ. ಅಂದರೆ 1.5ರ ಮೇಲೆ ಇದೇ ತಲೆ ಕೂರಿಸಿದರೆ ನಿಲ್ಲೋದೇ ಇಲ್ಲ, ಒಂದು ಕಡೆ ಮಲಗುತ್ತೆ. 2 ಎಂಎಂ ನಿಲ್ಲುತ್ತೆ, ಆದರೆ ಅದರ ಹುಟ್ಟು ಸೊಟ್ಟವನ್ನು ತಲೆಯ ಭಾರ ಹತ್ತಿರ ಹತ್ತಿರ ಎರಡರಷ್ಟು ಮಾಡಿ ತೋರಿಸುತ್ತೆ. ಎಲ್ಲಾ ಒಂದೇ ಕಡೆ ಸ್ವಲ್ಪ ವಾಲಿದರೆ ಚಂದ. ಒಂದೊಂದು ಒಂದೊಂದು ಕಡೆ ವಾಲಿದರೆ ಗುಂಗುರು ಕೂದಲು.

ಸಲಾಕೆ ಸುರುಳಿಯಿಂದ ಬಿಚ್ಚಿ ನೇರ ಮಾಡಿದ್ದು ತಗೋಬೇಡಿ. ಗಾಜಿನ ಮೇಲೆ ಉರುಳಿಸಿ. ನಡುವೆ ಬೆಳಕು ಮಿನುಗಿ ಮಿನುಗಿ ಬಂದರೆ ಸೊಟ್ಟ. ಅಗ್ಗದ ಉಪಾಯ ಅಂದರೆ ಟಿಗ್ ವೆಲ್ಡಿಂಗ್‌ನ ಸಿಲಿಕಾನ್ ಬ್ರಾಂಜ್ ಫಿಲ್ಲರ್ ಸಲಾಕೆ, 2.4 ಮತ್ತು 3.2ರಲ್ಲಿ ಸುಮಾರು ಮೀಟರ್ ಉದ್ದಕ್ಕೆ ನೆಟ್ಟಗೇ ಬರುತ್ತೆ, ಕೆಜಿ ಲೆಕ್ಕದಲ್ಲಿ. ಬಣ್ಣವೂ ಒಳ್ಳೇದು. ಹದ ಮಾತ್ರ ಕಂಪನಿಯಿಂದ ಕಂಪನಿಗೆ ಬೇರೆ, ಒಂದನ್ನು ಬಗ್ಗಿಸಿ ನೋಡದೆ ಕೊಳ್ಳಬೇಡಿ. 3.2 ಕೊಂಡರೆ ಬುಶ್ ತೂತು 3.3.

#12 · ಸಲಾಕೆಸಾಲು

ಸದ್ದು ಸಣ್ಣದಿದೆ ಅನ್ನೋ ದೂರೂ ಇತ್ತು. ತಲೆ ದೊಡ್ಡದು ಮಾಡಿದರೆ ಜೋರಾಗುತ್ತಾ?

#13 · ಮೂರನೇ_ಮೋಡ್

ತಲೆ ತಾನಾಗಿ ಹಾಡಲ್ಲ. 25 ಎಂಎಂ ಹಿತ್ತಾಳೆ ತುಂಡಿನ ಸ್ವಂತ ಉದ್ದುದ್ದದ ಕಂಪನ 60 ಸಾವಿರ ಹರ್ಟ್ಜ್‌ಗಿಂತ ಮೇಲೆ, ಅದು ಬಾವಲಿಗೆ ಕೇಳೀತು, ನಮ್ಮ ಕಿವಿಗಲ್ಲ. ತಲೆಯ ಕೆಲಸ ಸುತ್ತಿಗೆಯದ್ದು, ಪಕ್ಕದ ಸಲಾಕೆಗೆ ಏಟು ಕೊಡೋದು. ಭಾರ ಹೆಚ್ಚಿದರೆ ಏಟು ಭಾರಿ, ಆದರೆ ತಾಗುವ ಹೊತ್ತೂ ಹೆಚ್ಚು, ಹಾಗಾಗಿ ಮೇಲಿನ ಮಿನುಗು ಕಮ್ಮಿ.

ಜೋರು ಬರೋದು ಹಲಗೆಯಿಂದ. 3 ಎಂಎಂ ಸಲಾಕೆ ಗಾಳಿಯನ್ನು ತಳ್ಳಲ್ಲ, ಸೀಳುತ್ತೆ ಅಷ್ಟೆ. ತಂಬೂರಿಯ ತಂತಿ ಬುರುಡೆ ಇಲ್ಲದೆ ಎಷ್ಟು ಕೇಳುತ್ತೆ ಯೋಚಿಸಿ. ಹಲಗೆಯನ್ನು ಟೊಳ್ಳು ಮರದ ಪೆಟ್ಟಿಗೆ ಮೇಲೆ ಕೂರಿಸಿ, ಜೋರಾಗುತ್ತೆ, ಆದರೆ ಬೇಗ ಮುಗಿಯುತ್ತೆ. ಕಲ್ಲಿನ ಮೇಲೆ ಕೂರಿಸಿ, ಮೆಲ್ಲಗಾಗುತ್ತೆ, ಆದರೆ ಉದ್ದ ಬರುತ್ತೆ. ಇರೋ ಶಕ್ತಿ ಅಷ್ಟೇ, ಬೇಗ ಖರ್ಚು ಮಾಡ್ತೀರೋ ನಿಧಾನವಾಗೋ. ನನ್ನ ಮತ: ಮೂರು ಕಾಲು ಕೊಡಿ, ನಾಲ್ಕು ಬೇಡ. ನಾಲ್ಕನೇದು ಯಾವಾಗಲೂ ಅರ್ಧ ಕೂದಲು ಮೇಲೆ ಇರುತ್ತೆ, ಮತ್ತೆ ಟರ್ರ್.

#14 · ತಾಮ್ರಪಟ್ಟಿ

ಬೆರಿಲಿಯಂ ವಿಷಯದಲ್ಲಿ ಹಿಂದೆ ಸರಿದೆ, ಸರಿ. ಆದರೆ ಹಂಪಿ ವಿಟ್ಠಲ ದೇವಸ್ಥಾನದ ಸಂಗೀತ ಕಂಬಗಳೂ ಇದೇ ತತ್ವ ಅಲ್ವಾ? ಲೋಹವೂ ಇಲ್ಲ, ಬೆಸುಗೆಯೂ ಇಲ್ಲ.

#15 · ಗುಂಗು

ಅರ್ಧ ಇದೇ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದವರು ಪರೀಕ್ಷಿಸಿದಾಗ ಆ ಕಂಬಗಳು ಗಟ್ಟಿ, ಒಳಗೆ ಟೊಳ್ಳಿಲ್ಲ, ಸದ್ದು ಬರೋದು ಬಾಗುವ ಕಂಪನದಿಂದ ಅಂತ ಕಂಡುಬಂತು. ಆದರೆ ಅಲ್ಲಿ ಕಂಬದ ಎರಡೂ ತುದಿ ಹಿಡಿದಿದೆ. ಅದೇ ಉದ್ದ, ಅದೇ ದಪ್ಪಕ್ಕೆ ಎರಡು ಕಡೆ ಬಿಗಿದರೆ ಮೊದಲ ಕಂಪನವೇ 6.4 ಪಟ್ಟು ಮೇಲೆ, ಮುಂದಿನವು 2.76, 5.4 ಪಟ್ಟು. ಮೋಡ್‌ಗಳು ಹತ್ತಿರ ಹತ್ತಿರ, ಅದಕ್ಕೇ ಅಲ್ಲಿ ಸ್ವರ ಅನ್ನಿಸುತ್ತೆ, ಇಲ್ಲಿ ಗುಂಗು. ಕಂಬ ತಟ್ಟೋದು ಈಗ ನಿಷಿದ್ಧ, ದಯವಿಟ್ಟು ಪರೀಕ್ಷೆಗೆ ಹೋಗಬೇಡಿ.

#16 · ಬೆಸುಗೆಭಟ್ಟಿ

ಹೊರಗೆ ಇಡೋ ಯೋಚನೆ ಇದ್ದರೆ ಒಂದು ಮಾತು. ಸಲಾಕೆಗೆ ಹಿತ್ತಾಳೆ ಹಾಕಬೇಡಿ. ತಣ್ಣಗೆ ಎಳೆದ ಹಿತ್ತಾಳೆ ಅಮೋನಿಯಾ ಸೋಕಿದರೆ ಬಿರುಕು ಬಿಡುತ್ತೆ, ಭಾರವೇ ಬೇಡ, ಒಳಗಿನ ಎಳೆತ ಸಾಕು. ಬ್ರಿಟಿಷ್ ಸೇನೆ ಇಂಡಿಯಾದಲ್ಲಿ ಮಳೆಗಾಲಕ್ಕೆ ಕುದುರೆ ಲಾಯದಲ್ಲಿ ಇಟ್ಟ ತೋಟಾಗಳ ಹಿತ್ತಾಳೆ ಕೋಶ ಸೀಳಿದ್ದರಿಂದಲೇ ಇದಕ್ಕೆ ಋತುವಿನ ಹೆಸರು ಬಿತ್ತು, ಇಂಗ್ಲಿಷಿನವರು ಈಗಲೂ ಸೀಸನ್ ಕ್ರ್ಯಾಕಿಂಗ್ ಅಂತಾರೆ. ಪಾರಿವಾಳದ ಹಿಕ್ಕೆ, ನೆಲ ಒರೆಸುವ ಕೆಲವು ದ್ರಾವಣ, ಎರಡೂ ಅದೇ ಕೆಲಸ ಮಾಡುತ್ತವೆ. ಫಾಸ್ಫರ್ ಬ್ರಾಂಜ್ ಈ ವಿಷಯದಲ್ಲಿ ಬಹಳ ಗಟ್ಟಿ.

#17 · ಮೂರನೇ_ಮೋಡ್

ಗಾಳಿಯದ್ದೂ ಸೇರಿಸಿಕೊಳ್ಳಿ. 3 ಎಂಎಂ ಸಲಾಕೆಯ ಹಿಂದೆ ಸುಳಿ ಕಟ್ಟುವ ವೇಗ 0.2 × ಗಾಳಿ ÷ ದಪ್ಪ. ಸೆಕೆಂಡಿಗೆ ಮೂರೂವರೆ ಮೀಟರ್, ಅಂದರೆ ಎಲೆ ಅಲ್ಲಾಡುವಷ್ಟು ಗಾಳಿಗೆ 233 ಹರ್ಟ್ಜ್. ನಿಮ್ಮ ಐದನೇ ಮೋಡ್ 234, ತಲೆ ಸೇರಿದರೆ ಸ್ವಲ್ಪ ಕೆಳಗೆ. ಕಣ್ಣಿಗೆ ಏನೂ ಕಾಣಲ್ಲ, ಆದರೆ ಸಲಾಕೆ ದಿನಕ್ಕೆ ಲಕ್ಷಗಟ್ಟಲೆ ಸಲ ಬುಡದಲ್ಲಿ ಬಾಗ್ತಿರುತ್ತೆ. ಬುಶ್ ತೂತಿನ ಬಾಯಿ ಚೂಪಾಗಿ ಬಿಡಬೇಡಿ, ಅರ್ಧ ಎಂಎಂ ದುಂಡಗೆ ಮಾಡಿ.

#18 · ಸಲಾಕೆಸಾಲು

ಹಾಗಾದರೆ ಕ್ರಮ ಹೀಗೆ ಇಟ್ಟಿದ್ದೇನೆ. ಹಳೇ ಹಲಗೆ ಪಕ್ಕಕ್ಕೆ. ಹೊಸದಕ್ಕೆ 36 ಎಂ8. ಬುಶ್ ಮೊದಲು ಮೂರೇ ಮೂರು. ಒಂದಕ್ಕೆ ಫಾಸ್ಫರ್ ಬ್ರಾಂಜ್, ಒಂದಕ್ಕೆ ಸಿಲಿಕಾನ್ ಬ್ರಾಂಜ್, ಒಂದಕ್ಕೆ 304 ಸ್ಟೀಲ್. ಕೇಳಿ ನೋಡಿದ ಮೇಲೆ ಉಳಿದ 33. ಅಳೆಯೋದು ಹೇಗೆ, ಕಿವಿ ಸಾಕಾ?

#19 · ಮೂರನೇ_ಮೋಡ್

ಕಿವಿ ಮೋಸ ಮಾಡುತ್ತೆ, ಜೋರಾದದ್ದನ್ನು ಉದ್ದ ಅಂದುಕೊಳ್ಳುತ್ತೆ. ಫೋನನ್ನು ಹಲಗೆಯಿಂದ 100 ಎಂಎಂ ದೂರ ಇಟ್ಟು ರೆಕಾರ್ಡ್ ಮಾಡಿ, ಆಡಾಸಿಟಿಯಲ್ಲಿ (ಕಂಪ್ಯೂಟರಿನ ಸದ್ದು ತಿದ್ದುವ ತಂತ್ರಾಂಶ) ತೆರೆಯಿರಿ. ಏಟು ಪ್ರತಿ ಸಲ ಒಂದೇ ಇರಲಿ: ತುದಿಗೆ ದಾರ ಕಟ್ಟಿ 50 ಎಂಎಂ ಎಳೆದು, ದಾರವನ್ನು ಸುಡಿ. ಪ್ರತಿ ಲೋಹಕ್ಕೂ ಐದು ಸಲ. ಸ್ಪೆಕ್ಟ್ರೋಗ್ರಾಂನಲ್ಲಿ (ಯಾವ ಕಂಪನ ಎಷ್ಟು ಹೊತ್ತು ಇತ್ತು ಅಂತ ತೋರಿಸುವ ಚಿತ್ರ) 140ರ ಗೆರೆ, 230ರ ಗೆರೆ ಎಷ್ಟು ಸೆಕೆಂಡ್ ಇರುತ್ತೆ ಬರೆದುಕೊಳ್ಳಿ. ಸ್ಟೀಲ್‌ಗೆ ಗೆರೆಗಳು 40% ಮೇಲೆ ಇರುತ್ತೆ, ಗಾಬರಿ ಬೇಡ. ತಲೆ ಇಲ್ಲದೆ ಅಳೆಯಿರಿ, ಆಮೇಲೆ ತಲೆ ಹಾಕಿ.

#20 · ಲೇತ್_ಹುಬ್ಬಳ್ಳಿ

ದಾರ ಸುಡೂದು ಛಲೋ. ಬುಶ್ ಬಿಗಿಯಾಗ್ದಂಗ ಅಳಿಬ್ಯಾಡ್ರಿ ಮತ್ತ. 8 ನ್ಯೂಟನ್-ಮೀಟರ್ ಮೂರಕ್ಕೂ ಒಂದ ಇರಲಿ. ಮತ್ತ ತಲಿ ಹೆಂಗ ಕೂರಸ್ತೀರಿ? ಅದಕ್ಕೂ ಟಾರ್ಚ್ ಹಿಡದ್ರ ತುದಿ ಮೆತ್ತಗಾಗತದ, ಅದೇನ ಚಿಂತಿಲ್ಲ, ತುದಿಗೆ ಬಾಗೋ ಭಾರ ಇಲ್ಲ. ಆದ್ರ ತವರ-ಬೆಳ್ಳಿನ ಹಾಕ್ರಿ, 12 ಎಂಎಂ ಆಳ. ಅಂಟು ಹಾಕಿದ್ರ ಏಟಿಗೆ ಸಡ್ಲಾಗಿ ಗೆಜ್ಜಿ ಹಂಗ ಸದ್ದು ಮಾಡತದ.